ಗಿಟಾರು ಆಚಾರ್ರು

ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಲ್ಲಿ ಬಂದ ಗಿರಾಕಿ ಯಾರೆಂದು ತಿಳಿಯಲು ಮುಖ ನೋಡಬೇಕಾಗಿಲ್ಲ, ಕಾಲು ನೋಡಿದರೆ ಸಾಕು. ಸಿಮೆಂಟು ಮೆತ್ತಿದ ಹವಾಯಿ ಚಪ್ಪಲಿಯಾದರೆ ಮೇಸ್ತ್ರಿ. ಪಾಲಿಶ್ ಹಾಕಿದ ಷೂ ಆದರೆ ಮನೆ ಕಟ್ಟಿಸುತ್ತಿರುವ ಯಜಮಾನರು. ಅವರ ಹಿಂದೆಯೇ ರೇಟು ಕೇಳಿ ನಿಟ್ಟುಸಿರು ಬಿಡಲು ಯಜಮಾನಿಯೂ ಬಂದಿರುತ್ತಾರೆ. ಜಾಗಿಂಗ್ ಷೂ ಹಾಕಿಕೊಂಡು, ಜೇಬಿನಲ್ಲಿ ಡಿಜಿಟಲ್ ಕ್ಯಾಲಿಪರ್ ಇಟ್ಟುಕೊಂಡು, ಯಾರನ್ನೂ ಮಾತಾಡಿಸದೆ ನೇರವಾಗಿ ಹಲಗೆಗಳ ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ತಟ್ಟಿ ತಟ್ಟಿ ಕಿವಿಗೊಟ್ಟು ನಿಂತವರು ಕಂಡರೆ, ಅವರೇ ನಮ್ಮ ಗಿಟಾರು ಆಚಾರ್ರು.

"ಗೆದ್ಲು ಹಿಡ್ದಿಲ್ಲ ಸಾರ್, ಗ್ಯಾರಂಟಿ ಮಾಲು" ಎನ್ನುತ್ತಾನೆ ಅಂಗಡಿ ಹುಡುಗ.

"ಗೆದ್ದಲಲ್ಲಪ್ಪ, ನಾದ ನೋಡ್ತಿದೀನಿ."

ಹುಡುಗ ಒಳಗೆ ಹೋಗಿ ಸಾಹುಕಾರರನ್ನೇ ಕರೆತರುತ್ತಾನೆ.

"ಎಷ್ಟು ಬಾಗಿಲಿಗೆ ಬೇಕು ಸಾರ್?"

"ಬಾಗಿಲಿಗಲ್ಲ. 18 ಇಂಚು ಉದ್ದ, 13 ಇಂಚು ಅಗಲ, ಒಂದೂಮುಕ್ಕಾಲು ಇಂಚು ದಪ್ಪ. ಒಂದೇ ಒಂದು ತುಂಡು."

ಸಾಹುಕಾರರು ಕ್ಯಾಲ್ಕುಲೇಟರ್ ಒತ್ತುತ್ತಾರೆ. ಕಾಲು ಸಿಎಫ್‌ಟಿಯೂ ತುಂಬುವುದಿಲ್ಲ. "ಊಟದ ಮಣೆ ಮಾಡ್ಸೋಕಾ ಸಾರ್?"

"ಗಿಟಾರ್ ಮಾಡೋಕೆ."

"ಹಂಗಾದ್ರೆ ಪ್ಲೈವುಡ್ ಅಂಗಡಿ ಆ ಕಡೆ ಐತೆ."

ಆಚಾರ್ರು ಎಂದೆನೆಂದು ಇವರ ಕುಲಕಸುಬು ಮರಗೆಲಸವೆಂದು ತಿಳಿಯಬೇಡಿ. ವಯಸ್ಸು ನಲವತ್ತರ ಆಸುಪಾಸು, ಸಾಫ್ಟ್‌ವೇರ್ ಕಂಪನಿಯಲ್ಲಿ ನೌಕರಿ, ಫ್ಲಾಟಿನ ಮೇಲೆ ಸಾಲ. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಎಲ್ಲರಂತೆ ಇವರೂ ಒಂದು ಗಿಟಾರು ಕೊಂಡಿದ್ದರು, ಎಲ್ಲರಂತೆ ಡೀಪ್ ಪರ್ಪಲ್‌ನವರ 1972ರ ಆ ಪ್ರಸಿದ್ಧ ತುಣುಕನ್ನು ಕಲಿತಿದ್ದರು, ಎಲ್ಲರಂತೆ ಎಫ್ ಕಾರ್ಡಿನ ಹತ್ತಿರ ಬೆರಳು ನೋವೆಂದು ನಿಲ್ಲಿಸಿದ್ದರು. 2007ರಲ್ಲಿ ಐರನ್ ಮೇಡನ್ ತಂಡ ಅರಮನೆ ಮೈದಾನಕ್ಕೆ ಬಂದಾಗ ಕಪ್ಪು ಟೀ ಶರ್ಟು ತೊಟ್ಟು ನಿಂತಿದ್ದವರಲ್ಲಿ ಇವರೂ ಒಬ್ಬರು. 2011ರಲ್ಲಿ ಮೆಟಾಲಿಕಾ ಬಂದಾಗ ಅದೇ ಟೀ ಶರ್ಟು ಸ್ವಲ್ಪ ಬಿಗಿಯಾಗಿತ್ತು. ಆಮೇಲೆ ಮದುವೆ, ಮಗು, ಇಎಂಐ. ಈಗ ಕೈಯಲ್ಲಿ ನಾಲ್ಕು ಕಾಸು, ಮನೆಗೊಂದು ಬಾಲ್ಕನಿ ಬಂದಿರುವಾಗ ಮತ್ತೆ ಗಿಟಾರಿನ ನೆನಪಾಗಿದೆ. ಬೇರೆಯವರಾದರೆ ಎಫ್ ಕಾರ್ಡಿನಿಂದ ಮುಂದುವರಿಯುತ್ತಿದ್ದರು. ಇವರು ಕಾರ್ಪೊರೇಟ್ ಪದ್ಧತಿಯಂತೆ ಮೂಲ ಕಾರಣ ಹುಡುಕಿದರು: ತಪ್ಪು ಬೆರಳಿನದಲ್ಲ, ಗಿಟಾರಿನದು. ಸರಿಯಾದ ಗಿಟಾರು ಅಂಗಡಿಯಲ್ಲಿ ಸಿಗುವುದಿಲ್ಲ. ಮಾಡಿಕೊಳ್ಳಬೇಕು.

ಇವರು ಮಾಡಹೊರಟ ಎಲೆಕ್ಟ್ರಿಕ್ ಗಿಟಾರು ಒಳಗೆ ಟೊಳ್ಳಿಲ್ಲದ ವಾದ್ಯ. ಉಕ್ಕಿನ ತಂತಿ ಅದುರುತ್ತದೆ. ಅದರ ಕೆಳಗೆ ಆಯಸ್ಕಾಂತ, ಆಯಸ್ಕಾಂತಕ್ಕೆ ಸಾವಿರಾರು ಸುತ್ತು ಕೂದಲೆಳೆಯ ತಾಮ್ರದ ತಂತಿ. ಅದುರಿದ್ದು ವಿದ್ಯುತ್ತಾಗಿ ಹೊರಟು ಆಂಪ್ಲಿಫೈಯರ್ ಸೇರಿ ಸದ್ದಾಗುತ್ತದೆ. ಹಾಗಾದರೆ ಮರದ ಕೆಲಸವೇನು? ಇವೆಲ್ಲ ಬಿದ್ದುಹೋಗದಂತೆ ಹಿಡಿದುಕೊಳ್ಳುವುದು ಎಂದು ನೀವು ಅಂದಿರೋ, ಮುಗಿಯಿತು. ಆಚಾರ್ರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಮರಕ್ಕೆ ಮನಸ್ಸಿದೆ, ನೆನಪಿದೆ, ಮಧ್ಯಮ ಸ್ಥಾಯಿಯಲ್ಲಿ ಬೆಚ್ಚಗಿನ ಗುಣವಿದೆ ಎಂದೆಲ್ಲ ಅರ್ಧ ತಾಸು ಕೇಳಬೇಕಾಗುತ್ತದೆ. ಅಮೆರಿಕದ ಡ್ಯಾನ್‌ಎಲೆಕ್ಟ್ರೊ ಕಂಪನಿ 1950ರ ದಶಕದಲ್ಲಿ ಮೇಸನೈಟ್ ಎಂಬ ಹಾರ್ಡ್‌ಬೋರ್ಡಿನಿಂದ ಗಿಟಾರು ಮಾಡಿ ಮಾರಿತು. ಲೆಡ್ ಜೆಪೆಲಿನ್‌ನ ಜಿಮ್ಮಿ ಪೇಜ್ ಅಂಥದ್ದನ್ನೇ ವೇದಿಕೆಯಲ್ಲಿ ನುಡಿಸಿದರು. 1969ರಲ್ಲಿ ಡ್ಯಾನ್ ಆರ್ಮ್‌ಸ್ಟ್ರಾಂಗ್ ಎಂಬಾತ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲೇ ಗಿಟಾರು ತಂದ. ಇದನ್ನೆಲ್ಲ ಹೇಳಿದರೆ ಆಚಾರ್ರು ಕಣ್ಣು ತೆರೆದು, "ಅದು ಬೇರೆ" ಎನ್ನುತ್ತಾರೆ. ಟಿಂಬರ್ ಸಾಹುಕಾರರು ತೋರಿಸಿದ ಪ್ಲೈವುಡ್ ಅಂಗಡಿಯ ದಾರಿ ಅಷ್ಟೇನೂ ತಪ್ಪಲ್ಲ ಎಂಬ ಸಂಗತಿ ಇವರ ಮುಂದೆ ಎತ್ತಬಾರದು.

ಮರದ ಆಯ್ಕೆಯೇ ಒಂದು ಮಳೆಗಾಲ ಹಿಡಿಯುತ್ತದೆ. ಅಮೆರಿಕದವರು ಬಳಸುವ ಆಲ್ಡರ್, ಆಶ್ ಮರಗಳ ಹೆಸರನ್ನೂ ನಮ್ಮ ಯಾರ್ಡಿನವರು ಕೇಳಿಲ್ಲ. ತೇಗ ತೂಕ, ಮೇಲಾಗಿ ಎಣ್ಣೆ ಮರ, ಅಂಟು ಸುಲಭಕ್ಕೆ ಹಿಡಿಯುವುದಿಲ್ಲ. ಹಲಸು? ವೀಣೆಗೂ ಮೃದಂಗಕ್ಕೂ ಆಗಿಬಂದ ಮರ. ಇದನ್ನು ಕೇಳಿ ಊರಿಂದ ಬಂದಿದ್ದ ತಾಯಿಗೆ ಮೊದಲ ಸಲ ಮಗನ ಹುಚ್ಚಿನಲ್ಲಿ ಒಂದಿಷ್ಟು ಅರ್ಥ ಕಂಡಿತು. "ವೀಣೆನೇ ಮಾಡಿಬಿಡೋ ಮಗಾ, ಮನೇಲಿ ಇದ್ರೆ ಲಕ್ಷಣ" ಎಂದರು. ಕಡೆಗೆ ಮಹಾಗನಿಯ ಎರಡು ಹಲಗೆಗಳು ಮನೆಗೆ ಬಂದವು.

ಇನ್ನು ಕತ್ತು. ಫ್ರೆಟ್ ಕೂರಿಸುವ ಕತ್ತಿನ ಕೆಲಸ ತಮ್ಮ ಕೈಲಾಗದು ಎಂಬ ವಿವೇಕ ಇವರಿಗಿದೆ, ಅದನ್ನು ವಿದೇಶದಿಂದ ತರಿಸುತ್ತಾರೆ. ಪೆಟ್ಟಿಗೆ ಬಿಚ್ಚಿದರೆ ಬೆರಳು ಓಡಾಡುವ ಹಲಗೆಯ ವಿವರದಲ್ಲಿ ಬರೆದಿರುತ್ತದೆ: ಇಂಡಿಯನ್ ರೋಸ್‌ವುಡ್. ನಮ್ಮ ಬೀಟೆ! ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಈ ಮರ ಜಗತ್ತಿನ ಅದೆಷ್ಟೋ ಗಿಟಾರುಗಳ ಕತ್ತಿನ ಮೇಲೆ ಕೂತಿದೆ. 2017ರಲ್ಲಿ ಇದರ ಜಾತಿಯ ಮರಗಳನ್ನೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟುಪಾಡಿಗೆ ತಂದಾಗ ಗಿಟಾರು ಕಾರ್ಖಾನೆಗಳು ಬಾಯಿ ಬಡಿದುಕೊಂಡವು; 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆಚಾರ್ರ ಹೆಂಡತಿಯ ತವರು ಚಿಕ್ಕಮಗಳೂರು. ಕಸ್ಟಮ್ಸ್ ಸುಂಕದ ರಸೀದಿ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ರೀ, ನಮ್ಮಪ್ಪನ ತೋಟದ ಬೇಲೀಲಿ ನಿಂತಿರೋ ಮರಕ್ಕೆ ಇಷ್ಟು ದುಡ್ಡು ಕೊಟ್ರಾ?"

ಆಚಾರ್ರಿಗೆ ಮೂವರು ಕುಲಗುರುಗಳು. ಮೊದಲನೆಯವರು ಲೆಸ್ ಪಾಲ್. 1940ರ ಸುಮಾರಿಗೆ ನಾಲ್ಕಿಂಚು ಚೌಕದ ಪೈನ್ ದಿಮ್ಮಿಗೆ ತಂತಿ ಬಿಗಿದು, ನೋಡಲು ಗಿಟಾರಿನಂತಿರಲೆಂದು ಎರಡೂ ಪಕ್ಕಕ್ಕೆ ಹಳೆ ಗಿಟಾರಿನ ಹೋಳು ಅಂಟಿಸಿದ ಮಹಾನುಭಾವರು. ಅದನ್ನು ಅವರು ಕರೆದದ್ದೂ ದಿಮ್ಮಿ ಎಂದೇ. ಗಿಬ್ಸನ್ ಕಂಪನಿ ಮೊದಲು ಒಲ್ಲೆನೆಂದು, 1952ರಲ್ಲಿ ಅವರ ಹೆಸರಿನದೇ ಗಿಟಾರು ಹೊರತಂದಿತು. ಎರಡನೆಯವರು ಬ್ರಯಾನ್ ಮೇ. 1963ರಲ್ಲಿ, ಹದಿಹರೆಯದಲ್ಲಿ, ತಂದೆಯ ಜೊತೆ ಕೂತು ಮನೆಯಲ್ಲೇ ಗಿಟಾರು ಮಾಡತೊಡಗಿದರು. ಹಳೆ ಅಗ್ಗಿಷ್ಟಿಕೆಯ ಮೇಲಂಚಿನ ಮರ ಕತ್ತಾಯಿತು, ಹಳೆ ಮೇಜಿನ ಓಕ್ ಮೈಯ ನಡುಭಾಗವಾಯಿತು, ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು ಚುಕ್ಕೆಗಳಾದವು, ಹಳೆ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗು ತಂತಿಯ ಎಳೆತ ತಡೆಯಿತು. ಕ್ವೀನ್ ತಂಡದ ಹಾಡುಗಳಲ್ಲಿ ಲೋಕವೆಲ್ಲ ಕೇಳಿದ್ದು ಆ ಗಿಟಾರನ್ನೇ.

ಈ ಕಥೆ ಓದಿದ ದಿನವೇ ಆಚಾರ್ರು ಊರಿಗೆ ಹೋಗಿ, ಅಪ್ಪನ ಕಾಲದ ಮೈಸೂರು ಯೆಜ್ದಿಯ ಎಂಜಿನ್ ಬಿಚ್ಚಿ ಕೂತರು. ಸಂಜೆಯಾದರೂ ವಾಲ್ವ್ ಸ್ಪ್ರಿಂಗು ಸಿಗಲಿಲ್ಲ. ಕಡೆಗೆ ಪಕ್ಕದ ಗ್ಯಾರೇಜಿನವನು ಬಂದು ನೋಡಿ, "ಅಣ್ಣಾ, ಇದು ಟೂ ಸ್ಟ್ರೋಕು. ಇದಕ್ಕೆ ವಾಲ್ವೇ ಇರಲ್ಲ" ಎಂದ. ಯೆಜ್ದಿ ಇಂದಿಗೂ ಗೋಣಿಚೀಲದಲ್ಲಿದೆ.

ಕೆಲಸ ಶುರುವಾಗುವುದು ಭಾನುವಾರ, ಅಪಾರ್ಟ್‌ಮೆಂಟಿನ ಉಳಿದವರು ಮಲಗಿರುವ ಹೊತ್ತಿಗೆ. ಎರಡು ಹಲಗೆಗಳ ಅಂಚು ಕೀಸಿ, ಫೆವಿಕಾಲ್ ಹಚ್ಚಿ, ಕ್ಲಾಂಪು ಬಿಗಿಯುವುದು ನಿಶ್ಶಬ್ದದ ಕೆಲಸ. ಅಲ್ಲಿಯವರೆಗೆ ಯಾರ ತಕರಾರೂ ಇಲ್ಲ. ಆಮೇಲೆ ಎಂಡಿಎಫ್ ಟೆಂಪ್ಲೇಟು ಇಟ್ಟು ರೌಟರ್ ಹಿಡಿಯುತ್ತಾರೆ. ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತು ಮೀರಿ ತಿರುಗುವ ಯಂತ್ರ ಮಹಾಗನಿಗೆ ತಾಗಿದಾಗ ನಾಲ್ಕನೆಯ ಮಹಡಿಯ ಮಗು ಏಳುತ್ತದೆ, ಮಗು ಎದ್ದದ್ದಕ್ಕೆ ಅದರ ಅಜ್ಜಿ ಏಳುತ್ತಾರೆ, ಅಜ್ಜಿ ಎದ್ದದ್ದಕ್ಕೆ ಅಸೋಸಿಯೇಷನ್ ಸೆಕ್ರೆಟರಿ ಏಳಲೇಬೇಕಾಗುತ್ತದೆ. ಸೋಮವಾರದ ವಿಡಿಯೊ ಮೀಟಿಂಗಿನಲ್ಲಿ ಆಚಾರ್ರ ಹುಬ್ಬು ಕೆಂಪಗೆ ಕಂಡರೆ ಅದು ಕುಂಕುಮವಲ್ಲ, ಮಹಾಗನಿಯ ಪುಡಿ.

ಮೇಲಿನ ಮನೆಯಲ್ಲಿ ವಾರ್ಡ್‌ರೋಬ್ ಮಾಡುತ್ತಿದ್ದ ನಿಜವಾದ ಆಚಾರ್ರು ಒಮ್ಮೆ ಬೀಡಿಗೆಂದು ಇಳಿದು ಬಂದವರು ಬಾಲ್ಕನಿ ಕಡೆ ನೋಡಿ ನಿಂತರು. ಗಿಟಾರಿನ ಕೊಂಬಿನ ಹತ್ತಿರ ಮರ ಎದ್ದು ಸಿಬಿರಾಗಿತ್ತು.

"ಎಳೆಗೆ ಎದುರಾಗಿ ಹೊಡ್ದಿದೀರ ಸಾರ್."

"ಸ್ಪೀಡು ಜಾಸ್ತಿ ಆಯ್ತು ಅನ್ಸುತ್ತೆ ಆಚಾರ್ರೇ. ಫೀಡ್ ರೇಟು..."

"ಸ್ಪೀಡಲ್ಲ ಸಾರ್. ಎಳೆ."

ನಿಜವಾದ ಆಚಾರ್ರು ಮಹಾಗನಿಯ ಪುಡಿಗೇ ಫೆವಿಕಾಲ್ ಕಲಸಿ ತುಂಬಿ, ಒಣಗಿದ ಮೇಲೆ ಉಪ್ಪುಕಾಗದ ಉಜ್ಜಿದಾಗ ಗಾಯ ಎಲ್ಲಿತ್ತೆಂದು ಗೊತ್ತಾಗದಂತಾಯಿತು. "ಇದ್ಯಾಕೆ ಸಾರ್, ಅಂಗಡೀಲಿ ಸಿಗಲ್ವಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವರು ಮೇಲೆ ಹೋದರು. ಬಾಲ್ಕನಿಯಲ್ಲಿ ಇಬ್ಬರಲ್ಲಿ ಒಬ್ಬರಿಗೆ ಕೆಲಸ ಬರುತ್ತದೆ ಎಂಬುದು ಅಂದು ಇಬ್ಬರಿಗೂ ತಿಳಿಯಿತು.

ಆದರೂ ಒಂದು ಮಾತು ಒಪ್ಪಬೇಕು. ಕತ್ತು ಕೂರುವ ಗುಂಡಿಯ ಆಳ 16 ಮಿಲಿಮೀಟರು. ಅಗಲದಲ್ಲಿ ಕೂದಲೆಳೆಯಷ್ಟು ಸಡಿಲವಾದರೂ ಕತ್ತು ವಾಲುತ್ತದೆ, ತುದಿಯ ತಂತಿ ಹಲಗೆಯಾಚೆ ಜಾರುತ್ತದೆ. ಕತ್ತಿನ ತುದಿಯಿಂದ ಬ್ರಿಜ್ಜಿಗೆ ಇಪ್ಪತ್ತೈದೂವರೆ ಇಂಚು, ಅದರ ಸರಿ ಅರ್ಧಕ್ಕೆ ಹನ್ನೆರಡನೆಯ ಫ್ರೆಟ್ಟು. ಬ್ರಿಜ್ಜು ಆಚೀಚೆಯಾದರೆ ಎಷ್ಟು ಶ್ರುತಿ ಮಾಡಿದರೂ ಸ್ವರ ಸೇರದು. ಮನೆಯ ಗೋಡೆಗೆ ಒಂದು ಮೊಳೆ ನೆಟ್ಟಗೆ ಹೊಡೆಯದ ಮನುಷ್ಯ ಇಲ್ಲಿ ಮಾತ್ರ ಉಸಿರು ಬಿಗಿಹಿಡಿದು, ಹತ್ತು ಸಲ ಅಳೆದು, ಒಂದು ಸಲ ಕೊರೆಯುತ್ತಾರೆ. ಕತ್ತು ಆ ಗುಂಡಿಯಲ್ಲಿ ಸ್ಕ್ರೂ ಇಲ್ಲದೆಯೇ ಕಚ್ಚಿ ನಿಂತಾಗ ಹೆಂಡತಿಯನ್ನು ಅಡುಗೆಮನೆಯಿಂದ ಕೂಗಿ ಕರೆದು, ಮೈ ಕೆಳಗೆ ತೂಗಾಡುವಂತೆ ಎತ್ತಿ ತೋರಿಸುತ್ತಾರೆ. ಅಪ್ರೈಸಲಿನಲ್ಲಿ ಐದಕ್ಕೆ ಐದು ಬಂದಾಗಲೂ ಆ ಮುಖ ಅವರಿಗಿರಲಿಲ್ಲ.

ಬಣ್ಣದ ಹೊತ್ತಿಗೆ ಸರಿಯಾಗಿ ಮಳೆ ಬರುತ್ತದೆ. ತೇವದ ಗಾಳಿಯಲ್ಲಿ ಹೊಡೆದ ಲ್ಯಾಕರು ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿತು. ಬಿಸಿಲು ಬಂದ ದಿನ ಹೊಡೆದ ಸನ್‌ಬರ್ಸ್ಟ್ ಬಣ್ಣ ಎದುರು ಬಾಲ್ಕನಿಯ ಬೆಡ್‌ಶೀಟಿನ ಮೇಲೆ ತುಂಬ ಚೆನ್ನಾಗಿ ಬಂತು. ಆಮೇಲೆ ಹೊಳೆದದ್ದು ಚನ್ನಪಟ್ಟಣ: ಆಲೆ ಮರದ ಬೊಂಬೆಗಳಿಗೆ ಹಾಕುವ ಅರಗಿನ ಬಣ್ಣ, ಅಪ್ಪಟ ದೇಸಿ. ಮೈಯನ್ನು ಕಾರಿನಲ್ಲಿ ಮಲಗಿಸಿಕೊಂಡು ಹೋದರು. ಅಲ್ಲಿ ಕುಶಲಕರ್ಮಿ ಅದನ್ನು ತಿರುವಿ ಮುರುವಿ ನೋಡಿದರು. ಚರಕಿಯಲ್ಲಿ ಬೊಂಬೆ ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತಬೇಕು, ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯಬೇಕು, ಅದು ಅಲ್ಲಿನ ಕ್ರಮ. "ಹಾಕ್ಕೊಡ್ಬೋದು ಸಾರ್. ಆದ್ರೆ ಇದು ಮೊದ್ಲು ತಿರುಗ್ಬೇಕಲ್ಲ?" ಎಂದರು. ಎರಡು ಕೊಂಬಿನ ಗಿಟಾರು ಯಾವ ಚರಕಿಯಲ್ಲೂ ತಿರುಗುವುದಿಲ್ಲ. ಮಗಳಿಗೆ ಒಂದು ಬುಗುರಿ ಕೊಂಡುಕೊಂಡು ಬಂದರು.

ಎಸ್.ಪಿ. ರಸ್ತೆಯಿಂದ ಪಾಟ್, ಕೆಪಾಸಿಟರು, ತಾಮ್ರದ ಹಾಳೆ ಬಂದು, ಬೆಸುಗೆಯಾಗಿ, ತಂತಿ ಏರಿ, ಗಿಟಾರು ಕಡೆಗೂ ನಿಂತಿತು. ಆಂಪ್ಲಿಫೈಯರಿನಿಂದ ಸದ್ದೂ ಬಂತು. ಡೀಪ್ ಪರ್ಪಲ್‌ನವರ ಅದೇ ತುಣುಕು. ನೆಂಟರು ಸೋಫಾದಲ್ಲಿ ಕಾಯುತ್ತ ಕೂತರು.

"ಒಂದು ದೇವರನಾಮ ನುಡ್ಸೋ" ಎಂದರು ತಾಯಿ.

"ಸೆಟಪ್ ಇನ್ನೂ ಆಗಿಲ್ಲಮ್ಮ. ಕತ್ತಿನೊಳಗಿನ ಟ್ರಸ್ ರಾಡ್ ತಿರುಗಿಸ್ಬೇಕು."

ಈ ಸೆಟಪ್ ಎಂಬುದು ಆಗುವಂಥದ್ದಲ್ಲ. ಮಳೆಗಾಲದಲ್ಲಿ ಕತ್ತು ಒಂದು ಕಡೆ ಬಾಗುತ್ತದೆ, ಬೇಸಿಗೆಯಲ್ಲಿ ಇನ್ನೊಂದು ಕಡೆ. ನಡುವಿನ ಚಳಿಗಾಲದಲ್ಲಿ ಆಚಾರ್ರಿಗೆ ಕ್ವಾರ್ಟರ್ ಎಂಡ್. ಹೆಂಡತಿ ತಡೆಯಲಾರದೆ ಒಮ್ಮೆ ಕೇಳಿದರು: "ರೀ, ಆ ಬ್ರಯಾನ್ ಮೇ ಎರಡು ವರ್ಷಕ್ಕೆ ಮುಗಿಸಿದ್ರು ಅಂದ್ರಲ್ಲ. ಆಮೇಲೆ ನುಡಿಸಿದ್ರು ತಾನೆ?"

ಮೂರನೆಯ ಕುಲಗುರುವನ್ನು ಆಚಾರ್ರು ಕಾದಿರಿಸಿದ್ದು ಈ ಗಳಿಗೆಗೇ. ಲಿಯೊ ಫೆಂಡರ್. ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. 1954ರಲ್ಲಿ ಅವರ ಕಂಪನಿ ತಂದ ಸ್ಟ್ರಾಟೊಕ್ಯಾಸ್ಟರಿನ ಆಕಾರವನ್ನೇ ಇಂದಿಗೂ ಅರ್ಧ ಲೋಕ ನಕಲು ಮಾಡುತ್ತಿದೆ. ಆ ಲಿಯೊ ಫೆಂಡರಿಗೆ ಸಾಯುವ ತನಕ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಇದು ನಿಜ, ಹೆಂಡತಿ ಗೂಗಲ್ ಮಾಡಿ ನೋಡಿ ಸುಮ್ಮನಾದರು. ಅಂದಿನಿಂದ ಆಚಾರ್ರ ಮನಸ್ಸು ನಿರಾಳ. ನುಡಿಸುವ ಗಿಟಾರು ಗೋಡೆಗೆ ಏರಿತು, ಬಾಲ್ಕನಿಯಲ್ಲಿ ಎರಡನೆಯ ಮೈಗೆ ಟೆಂಪ್ಲೇಟು ಸಿದ್ಧವಾಯಿತು.

ನನ್ನ ಮಟ್ಟಿಗೆ, ಇವರಿಂದ ಸಂಗೀತಕ್ಕೆ ಹಾನಿಯಿಲ್ಲ. ನುಡಿಸುವುದಿಲ್ಲವಾದ್ದರಿಂದ ನೆರೆಹೊರೆಗೂ ಭಾನುವಾರ ಬಿಟ್ಟರೆ ತೊಂದರೆಯಿಲ್ಲ. ಅಪಾಯವಿರುವುದು ಹಳೆ ಮರಕ್ಕೆ. ಅಗ್ಗಿಷ್ಟಿಕೆಯ ಕಥೆ ಓದಿದಂದಿನಿಂದ ಇವರಿಗೆ ಒಣಗಿ ಹದವಾದ ಹಳೆ ಮರದ ಹಂಬಲ ಹತ್ತಿದೆ. ಯಾರ ಮನೆಗೆ ಹೋದರೂ ಕಾಫಿ ಬರುವಷ್ಟರಲ್ಲಿ ಬಾಗಿಲುವಾಡ, ಉಯ್ಯಾಲೆಮಣೆ, ಅಜ್ಜನ ಕಾಲದ ಪೆಟ್ಟಿಗೆ ಎಲ್ಲವನ್ನೂ ಒಮ್ಮೆ ತಟ್ಟಿ ಕೇಳಿರುತ್ತಾರೆ. ಆದ್ದರಿಂದ, ನಿಮ್ಮಲ್ಲಿ ಹಿರಿಯರು ಬಿಟ್ಟುಹೋದ ತೇಗದ ಮಂಚವೇನಾದರೂ ಇದ್ದರೆ, ಇವರು ಬರುವ ಸುದ್ದಿ ತಿಳಿದ ಕೂಡಲೇ ಅದರ ಮೇಲೆ ಯಾರನ್ನಾದರೂ ಮಲಗಿಸಿಡಿ.