ಮಾರಿದ ಮಾಲು

ಸಾವ್ಕಾರರ ಬಟ್ಟೆ ಅಂಗಡಿ ಯಾದಗಿರಿಯದೋ, ಶಹಾಪುರದ್ದೋ, ಸುರಪುರದ್ದೋ ನಾನು ಹೇಳುವುದಿಲ್ಲ. ಹೇಳಿದರೆ ಉಳಿದ ಎರಡೂ ಊರಿನವರು ‘ಅಂಥಾವ್ರು ನಮ್ಮೂರಾಗ ಇಲ್ಲೇನ್ರೀ?’ ಎಂದು ಜಗಳಕ್ಕೆ ಬರುತ್ತಾರೆ. ಗುರುತು ಮಾತ್ರ ಸುಲಭ. ಗಲ್ಲಾದ ಮೇಲೆ ಲಕ್ಷ್ಮಿ. ಲಕ್ಷ್ಮಿಯ ಮೇಲೆ ‘ಒಮ್ಮೆ ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’. ಹೊರಗಿನ ಬೋರ್ಡಿನಲ್ಲಿ ಇನ್ನೂ ‘ಜಿಲ್ಲಾ ಗುಲಬರ್ಗಾ’ ಅಂತಲೇ ಇದೆ. ಯಾದಗಿರಿ ಬೇರೆ ಜಿಲ್ಲೆಯಾಗಿದ್ದು 2009ರ ಡಿಸೆಂಬರ್ 30ಕ್ಕೆ. ಅಳಿಸಿ ಬರೆಸಬಾರದೇ ಎಂದರೆ, ‘ಬರೆಸಿದ್ದು ಬರೆಸಿದ್ದಾತು, ಅದನ್ನೂ ವಾಪಸ್ ತೊಗೊಳ್ಳಂಗಿಲ್ರಿ’ ಎನ್ನುತ್ತಾರೆ.

ಜಿಪುಣರೆಂದಲ್ಲ. ಬಂದವರಿಗೆ ಚಹಾ ತರಿಸುತ್ತಾರೆ. ಮದುವೆ ಜವಳಿಯನ್ನು ‘ಹತ್ತಿ ಮಾರಿದ ಮ್ಯಾಲ ಕೊಡ್ರಿ’ ಎಂದು ಉದ್ರಿ ಬರೆದುಕೊಳ್ಳುತ್ತಾರೆ. ಗಲ್ಲಾದೊಳಗೆ ಬಿದ್ದ ನೋಟು ಎದ್ದು ಹೊರಟಿತೆಂದರೆ ಮಾತ್ರ ಮಗಳನ್ನು ಗಂಡನ ಮನೆಗೆ ಕಳಿಸುವವರ ಮುಖವಾಗುತ್ತದೆ.

ಅವರ ಕಡೆಯ ಮಾತೂ ಇದೆ ಅನ್ನಿ. ಸಂಕ್ರಾಂತಿಗೆ ಮೈಲಾಪುರದ ಜಾತ್ರೆ ಮುಗಿದ ಮರುದಿನ ‘ಬಣ್ಣ ಮನಸ್ಸಿಗೆ ಬರಲಿಲ್ಲ’ ಎಂದು ಬರುವ ಸೀರೆಯನ್ನು ಕೊಡವಿದರೆ ಭಂಡಾರ ಉದುರುತ್ತದೆ. ಮನಸ್ಸು ಬದಲಾದವರಿಗೆಲ್ಲ ದುಡ್ಡು ತಿರುಗಿಸು ಎಂದು ಕಾನೂನೂ ಹೇಳುವುದಿಲ್ಲ.

ಮೊನ್ನೆ ಬಂದ ಹಳ್ಳಿಯ ಮುದುಕಿಯ ಸೀರೆಯ ಕಥೆ ಬೇರೆ. ಮಡಿಕೆ ಬಿಚ್ಚಿದರೆ ನಟ್ಟನಡುವೆ ಎರಡು ಬೊಟ್ಟು ಹೋಗುವಷ್ಟು ತೂತು.

‘ಬ್ಯಾಸಿಗಿ ಬರಾಕತ್ತದ ಯವ್ವಾ, ಗಾಳಿ ಆಡ್ತದ ಬಿಡು’ ಎಂದರು ಸಾವ್ಕಾರರು.

‘ಹಂಗಾರ ನಿನ್ನ ಧೋತರಕ್ಕ ಒಂದು ಮಾಡ್ಕೋ ತಮ್ಮಾ. ನನ್ನ ರೊಕ್ಕ ಕೊಡು.’

‘ಬದ್ಲಿ ಬ್ಯಾರೆ ತೊಗೋ.’ ಸಾವ್ಕಾರರು ಬದಲಿಗೆ ತೋರಿಸುವ ಸೀರೆ ಯಾವಾಗಲೂ ಇನ್ನೂರು ರೂಪಾಯಿ ಹೆಚ್ಚಿನದು. ಮುದುಕಿ ಅದನ್ನು ಮುಟ್ಟಲೂ ಇಲ್ಲ. ಬಾಗಿಲಲ್ಲೇ ಕಾಲು ಚಾಚಿ ಕುಂತು, ಒಳಗೆ ಬರುವ ಪ್ರತಿ ಹೆಣ್ಣುಮಗಳಿಗೂ ತೂತಿನಿಂದ ಒಂದು ಕಣ್ಣು ಹಾಕಿ ‘ಬರ್ರೆವ್ವಾ’ ಎನ್ನತೊಡಗಿದಳು.

ಅಷ್ಟರಲ್ಲಿ ಕಲಬುರಗಿಯಲ್ಲಿ ವಕೀಲಿ ಓದುವ ಅಳಿಯ ಬಾಯಿ ಹಾಕಿದ: ‘ಮಾಮಾ, 2019ರ ಗ್ರಾಹಕರ ಕಾಯ್ದೆ ಅದ. 2020ರ ಜುಲೈ 20ರಿಂದ ಜಾರಿ. ದೋಷ ಇದ್ದ ಮಾಲು ವಾಪಸ್ ತೊಗೊಂಡು ರೊಕ್ಕ ಕೊಡ್ಲಿಲ್ಲಂದ್ರ ಅದು ಅನುಚಿತ ವ್ಯಾಪಾರ. ಬಿಲ್ಲಿನಾಗ ಅವಧಿ ಬರೆದಿದ್ರ ಅಷ್ಟ್ರೊಳಗ, ಇಲ್ಲಂದ್ರ 30 ದಿನದಾಗ ಕೊಡ್ಬೇಕು.’

‘ನಾ ಬಿಲ್ಲ ಕೊಡಂಗಿಲ್ಲಲೋ!’

‘ಅದೂ ಅನುಚಿತನ ಮಾಮಾ.’

ಸಾವ್ಕಾರರು ಚಹಾ ಕೆಳಗಿಟ್ಟರು. ಅಳಿಯ ಬಿಡಲಿಲ್ಲ. ‘ಆಕಿ 1915ಕ್ಕ ಫೋನ್ ಹಚ್ಚಿದ್ರ—’

‘1915ಕ್ಕ ನಮ್ಮಜ್ಜ ಹುಟ್ಟಿದ್ದಿಲ್ಲ, ಆವಾಗಿಂದ್ಯಾಕ ತೆಗೀತೀ?’

‘ಸಹಾಯವಾಣಿ ನಂಬರ್ ಮಾಮಾ. ಜಿಲ್ಲಾ ಆಯೋಗಕ್ಕ ಹೋದ್ರ ಐದು ಲಕ್ಷದ ಮಾಲಿನ ತನ ಫೀಸೂ ಇಲ್ಲ.’

ಫೀಸು ಇಲ್ಲ ಎಂಬ ಮಾತು ಸಾವ್ಕಾರರ ಎದೆಗೆ ನಾಟಿತು. ಪುಕ್ಕಟೆ ಸಿಗುವುದನ್ನು ಯಾರೂ ಬಿಡುವುದಿಲ್ಲ ಎಂಬುದು ಅವರ ನಲವತ್ತು ವರ್ಷದ ವ್ಯಾಪಾರದ ಅನುಭವ. ಬೋರ್ಡು ನೋಡಿದರು, ತೂತಿನಲ್ಲಿದ್ದ ಕಣ್ಣು ನೋಡಿದರು. ಬಾಗಿಲ ತನಕ ಬಂದ ಮದುವೆ ಜವಳಿಯ ಗಿರಾಕಿಗಳು ಎದುರು ಅಂಗಡಿ ಹೊಕ್ಕಿದ್ದನ್ನೂ ನೋಡಿದರು. ಕೆಂಪು ಖಾತೆ ಪುಸ್ತಕ ತೆರೆದು ಕನ್ನಡಕ ಏರಿಸಿದರು.

‘ನಾ ಮಾರಿದ ಮಾಲು ವಾಪಸ್ ತೊಗೊಳ್ಳಂಗಿಲ್ಲ. ಸೀರಿ ಇಲ್ಲೇ ಮರೆತು ಹೋಗು. ಇದು ಕೈಗಡ’ ಎಂದು ಬಾಯಿಬಿಟ್ಟು ಹೇಳುತ್ತಲೇ ಬರೆದರು: ‘ಯವ್ವಗ ಕೈಗಡ, 640.’

ಮುದುಕಿ ನೋಟುಗಳನ್ನು ಎರಡು ಸಲ ಎಣಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದಳು.

‘ಬಡ್ಡಿ ಹಚ್ಚಬ್ಯಾಡಪ್ಪಾ ಮತ್ತ.’