ಸೀಸಾಶಯನ ಮೀಮಾಂಸೆ: ವೈಜಾಪುರ ಕಾಂಡ

ವೈನ್ ಸೀಸೆಯನ್ನು ಮನೆಯಲ್ಲಿ ಮಲಗಿಸಬೇಕೋ ನಿಲ್ಲಿಸಬೇಕೋ ಎಂಬ ವಾದ ದ್ವೈತಾದ್ವೈತದಷ್ಟು ಹಳೆಯದಲ್ಲ; ಕಾವು ಮಾತ್ರ ಅದಕ್ಕಿಂತ ಕಡಿಮೆಯಿಲ್ಲ. ಈ ಕಾವನ್ನು ಅಳೆಯಲು ವೈಜಾಪುರಕ್ಕಿಂತ ಪ್ರಶಸ್ತ ಕ್ಷೇತ್ರ ಸಿಗದು. ಪಶ್ಚಿಮಕ್ಕೆ ನಾಶಿಕದ ದ್ರಾಕ್ಷಿ ತೋಟಗಳು, ಪೂರ್ವಕ್ಕೆ ಮರಾಠವಾಡದ ಬಿಸಿಲು. ಸೀಸೆ ಅಲ್ಲಿ ಹುಟ್ಟಿ ಇಲ್ಲಿ ಪರೀಕ್ಷೆಗೆ ಕೂರುತ್ತದೆ.

ಮೊದಲು ಪೂರ್ವಪಕ್ಷ. ಶಯನವಾದಿಗಳ ಪ್ರಕಾರ ನಿಂತ ಸೀಸೆಯ ಬಿರಡೆ ಒಣಗಿ ಕುಗ್ಗುತ್ತದೆ, ಸಂದಿಯಲ್ಲಿ ಗಾಳಿ ನುಗ್ಗುತ್ತದೆ, ರಸ ಕೆಡುತ್ತದೆ. ಬಿರಡೆ ಓಕ್ ಜಾತಿಯ ಮರದ ತೊಗಟೆಯಾದ್ದರಿಂದ ಇದು ನಿಜವೇ. ಆದರೆ ನಮ್ಮ ದೇಶದ ಎಷ್ಟೋ ಸೀಸೆಗಳಿಗೆ ಇರುವುದು ತಿರುಪಿನ ಮುಚ್ಚಳ. ಅದು ಒಣಗಬಾರದೆಂದು ಸೀಸೆ ಮಲಗಿಸುವುದು ಪ್ಲಾಸ್ಟಿಕ್ ತುಳಸಿಗೆ ನೀರೆರೆದಂತೆ. ಶಯನವಾದಿಗಳು ಇದಕ್ಕೆ ಉತ್ತರ ಕೊಟ್ಟಿಲ್ಲ, ಮಲಗಿದ್ದಾರೆ.

ಇನ್ನು ಉಷ್ಣಪ್ರಕರಣ. ಯುರೋಪಿನ ಸೂತ್ರಕಾರರು 12–13 ಡಿಗ್ರಿ ತಂಪು, ಶೇಕಡಾ 70ರ ಆಸುಪಾಸಿನ ತೇವ, ಕತ್ತಲೆ, ನಿಶ್ಚಲತೆ ಎಂದು ವಿಧಿಸಿದ್ದಾರೆ. ಅವರು ಮೇ ತಿಂಗಳ ವೈಜಾಪುರವನ್ನು ಕಂಡವರಲ್ಲ. ಪಾದರಸ 40 ದಾಟಿದಾಗ, ಬ್ಯಾಂಕಿನ ವರ್ಗಾವಣೆಯಲ್ಲಿ ಬಂದ ಕನ್ನಡದ ಸಂಸಾರವೊಂದು ನಂದಿಬೆಟ್ಟದ ತಪ್ಪಲಿನಿಂದ ತಂದ ಸೀಸೆಯನ್ನು ಎಲ್ಲಿಡಬೇಕು? ಬೀರುವಿನ ತಲೆಯ ಮೇಲೆ ಎಂಬುದು ಜನಪ್ರಿಯ ಮತ. ಬಿಸಿಗಾಳಿ ಮೇಲೇರುವುದರಿಂದ ಅದು ಕೋಣೆಯ ಅತಿ ಸೆಕೆಯ ಜಾಗ, ಮತ ತಿರಸ್ಕೃತ. ಅಡುಗೆಮನೆಯ ಕಿಟಕಿಯಲ್ಲಿ ಬಿಸಿಲು, ಒಲೆ ಎರಡರದೂ ಕಾಟ. ಫ್ರಿಜ್ಜಿನಲ್ಲಿ ಸುಮಾರು 4 ಡಿಗ್ರಿ, ಜೊತೆಗೆ ಒಣಗಾಳಿ; ನಾಲ್ಕಾರು ವಾರಕ್ಕೆ ಸರಿ, ಸಂವತ್ಸರಕ್ಕಲ್ಲ.

ಇದಕ್ಕೆ ಪರಿಹಾರ ಸಮೀಪದ ಎಲ್ಲೋರದಲ್ಲೇ ಇದೆ. 8ನೇ ಶತಮಾನದಲ್ಲಿ ರಾಷ್ಟ್ರಕೂಟ ಒಂದನೆಯ ಕೃಷ್ಣ ಅಲ್ಲಿ ಗುಡ್ಡವನ್ನು ಮೇಲಿಂದ ಕೆಳಕ್ಕೆ ಕಡಿಸಿ ಕೈಲಾಸ ದೇಗುಲ ಮಾಡಿಸಿದ. ಕರಿಗಲ್ಲಿನ ಗರ್ಭದಲ್ಲಿ ಬೇಸಿಗೆಯ ಆಟ ಅಷ್ಟಾಗಿ ನಡೆಯದು ಎಂಬುದು ಗುಹೆ ಹೊಕ್ಕ ಯಾತ್ರಿಕರಿಗೆಲ್ಲ ಗೊತ್ತು. ವೈಜಾಪುರದ ಬುಡದಲ್ಲಿರುವುದೂ ಅದೇ ದಖ್ಖನಿನ ಕಲ್ಲು. ಕೊರೆಯಲು ಅಡ್ಡಿ ಭೂವಿಜ್ಞಾನದ್ದಲ್ಲ, ಮನೆ ಮಾಲೀಕನದು. ಕೃಷ್ಣ ಬಾಡಿಗೆ ಮನೆಯಲ್ಲಿರಲಿಲ್ಲ.

ಆದ್ದರಿಂದ ಸಿದ್ಧಾಂತ: ಪಡುವಣ ಗೋಡೆಯಿಂದ ದೂರದ ಒಳಕೋಣೆ, ಮಂಚದ ಕೆಳಗಿನ ಬರಿ ನೆಲ, ಜೋಳದ ಚೀಲದ ಹಿಂದೆ. ಕತ್ತಲೆ, ತಕ್ಕಮಟ್ಟಿನ ತಂಪು, ನಿಶ್ಚಲತೆ ಮೂರೂ ಅಲ್ಲಿ ಲಭ್ಯ; ನೆಂಟರ ದೃಷ್ಟಿಯಿಂದ ರಕ್ಷಣೆ ಹೆಚ್ಚುವರಿ ಲಾಭ. ಬಿರಡೆಯದು ಮಲಗಲಿ, ತಿರುಪಿನದು ಇಷ್ಟ ಬಂದಂತೆ ಇರಲಿ.

ಇಷ್ಟಾದರೂ ಮಗಳ ಮದುವೆಗೆಂದು ಇಪ್ಪತ್ತು ವರ್ಷ ಕಾಯುವವರಿದ್ದಾರೆ. ನಾಶಿಕದ ಬಹುಪಾಲು ವೈನು ಒಂದೆರಡು ವರ್ಷದಲ್ಲಿ ಕುಡಿಯಲೆಂದೇ ಮಾಡಿದ್ದು. ಅಂಥದನ್ನು ಅಷ್ಟು ಕಾಲ ಕಾಪಾಡಿದ ಗೃಹಸ್ಥನಿಗೆ ದೊರೆಯುವುದು ಹಳೆಯ ಸೀಸೆ, ಹಳೆಯ ವೈನಲ್ಲ.

ತೆರೆದ ಸೀಸೆಗೆ ಅನುಬಂಧ: ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರ್ನಾಲ್ಕು ದಿನ. ಆಮೇಲೆ ಹುಳಿ ತಿರುಗಿದರೆ ಅದು ಮೀಮಾಂಸೆಯ ಎಲ್ಲೆ ದಾಟಿ ಉಪ್ಪಿನಕಾಯಿ ಶಾಸ್ತ್ರಕ್ಕೆ ಸೇರುತ್ತದೆ. ಅಲ್ಲಿ ಪ್ರಸ್ತುತ ಲೇಖಕನಿಗೆ ಅಧಿಕಾರವಿಲ್ಲ. ಅತ್ತೆಯವರನ್ನು ಕೇಳಬೇಕು, ಸೀಸೆ ಎಲ್ಲಿಂದ ಬಂತೆಂದು ಹೇಳುವ ಧೈರ್ಯವಿದ್ದರೆ.