ನಮ್ಮ ಡಾಲರ್ ದೇಶಸೇವೆ, ಅವನ ರೂಪಾಯಿ ಲೂಟಿ

"ನಮ್ಮ ರಾಜ್ಯದ ದುಡ್ಡೆಲ್ಲ ಬಿಹಾರಕ್ಕೆ ಹೋಗ್ತಾ ಇದೆ ಸ್ವಾಮಿ." ಬೆಂಗಳೂರಿನ ಪಾರ್ಕುಗಳಲ್ಲಿ ವಾಕಿಂಗ್ ಮುಗಿಸಿದ ಹಿರಿಯರ ಹೊಸ ಚಿಂತೆ ಇದು. ಹೇಳಿದವರ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ತಿಂಗಳಿಗೆ ಸರಿಯಾಗಿ ಡಾಲರ್ ಬರುತ್ತದೆ. ಅದು ಯಾರ ರಾಜ್ಯದ ದುಡ್ಡು ಎಂದು ಮಾತ್ರ ಕೇಳಬಾರದು.

2024-25ರಲ್ಲಿ ಹೊರದೇಶದ ಭಾರತೀಯರು ಮನೆಗೆ ಕಳಿಸಿದ್ದು ಸುಮಾರು 13,500 ಕೋಟಿ ಡಾಲರ್. ಜಗತ್ತಿನಲ್ಲಿ ನಮಗೇ ಮೊದಲ ಸ್ಥಾನ. ಸರಕು ವ್ಯಾಪಾರದ ಕೊರತೆಯಲ್ಲಿ ಹತ್ತಿರಹತ್ತಿರ ಅರ್ಧದಷ್ಟನ್ನು ಈ ದುಡ್ಡೇ ಸರಿದೂಗಿಸುತ್ತದೆ. ಹೆಮ್ಮೆಪಡೋಣ, ತಪ್ಪಿಲ್ಲ.

2025ರಲ್ಲಿ ಅಮೆರಿಕ ಈ ದುಡ್ಡಿನ ಮೇಲೆ 5% ತೆರಿಗೆ ಹಾಕುವ ಮಾತೆತ್ತಿತು. ಆಗ ನೋಡಬೇಕಿತ್ತು ನಮ್ಮ ಸಿಟ್ಟು! ಕೊನೆಗೆ ಅದು 1%ಕ್ಕೆ ಇಳಿಯಿತು, ಅದೂ ನಗದು ಕಟ್ಟಿ ಕಳಿಸುವವರಿಗೆ. ದುಡಿದವನ ದುಡ್ಡು ದುಡಿದವನ ಇಷ್ಟ ಎಂಬ ನ್ಯಾಯ ಆಗ ಎಲ್ಲರ ಬಾಯಲ್ಲೂ ಇತ್ತು. ಬಿಹಾರದಿಂದ ಬರುವ ಸಂಘಮಿತ್ರ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಿಂದ ಇಳಿದವನಿಗೆ ಮಾತ್ರ ಆ ನ್ಯಾಯ ಅನ್ವಯಿಸುವುದಿಲ್ಲ.

ಅವನು ಹೊತ್ತುಕೊಂಡು ಹೋಗಿದ್ದಾದರೂ ಏನು? ಮೆಟ್ರೋ ಕಂಬ ಇಲ್ಲೇ ನಿಂತಿದೆ. ಇಪ್ಪತ್ತು ಮಹಡಿಯ ಅಪಾರ್ಟ್‌ಮೆಂಟೂ ಇಲ್ಲೇ ಇದೆ. ಅಕ್ಕಿ, ಶೆಡ್ಡಿನ ಬಾಡಿಗೆ, ಮೊಬೈಲ್ ರೀಚಾರ್ಜು, ಅದರ ಮೇಲಿನ ಜಿಎಸ್‌ಟಿ ಎಲ್ಲ ಇಲ್ಲೇ ಕಟ್ಟಿದ್ದಾನೆ. ಹೊಟ್ಟೆ ಕಟ್ಟಿ ಉಳಿಸಿದ್ದು ಊರಿಗೆ ಹೋಯಿತು. ಅಲ್ಲಿ ಅದು ಅಮ್ಮನ ಔಷಧಿ, ಸಾಲದ ಬಡ್ಡಿ, ತಂಗಿಯ ಮದುವೆ.

ನ್ಯೂಜೆರ್ಸಿಯ ದುಡ್ಡು ಇಲ್ಲಿಗೆ ಬಂದು ಏನು ಮಾಡುತ್ತದೆ? ಸೈಟು ಕೊಳ್ಳುತ್ತದೆ. ಪಕ್ಕದ ಸೈಟಿನ ರೇಟನ್ನೂ ಏರಿಸುತ್ತದೆ. ಆಮೇಲೆ, ಹೊರಗಿನವರು ಬಂದು ಊರು ದುಬಾರಿಯಾಯಿತು ಎಂದು ನಾವೇ ಗೊಣಗುತ್ತೇವೆ.

ಪಾಟ್ನಾದ ದೊರೆಗಳಿಗೂ ಇದೇ ಆರಾಮ. ಉದ್ಯೋಗ ಕೊಡುವ ತಲೆನೋವಿಲ್ಲ, ಜನ ರೈಲು ಹತ್ತಿದರೆ ಸಾಕು. ನಮ್ಮವರೇನು ಕಮ್ಮಿ? ರಾಯಚೂರು, ಯಾದಗಿರಿಯ ಜನ ಇಂದಿಗೂ ಗುಳೆ ಹೋಗುತ್ತಾರೆ. ವಿಧಾನಸೌಧಕ್ಕೆ ಅದು ಅಭ್ಯಾಸವಾಗಿಬಿಟ್ಟಿದೆ.

ಮರೆವೂ ನಮಗೆ ಚೆನ್ನಾಗಿ ಒಗ್ಗಿದೆ. ಮುಂಬೈ ಹೋಟೆಲುಗಳಲ್ಲಿ ತಟ್ಟೆ ತೊಳೆದ ಹುಡುಗರ ಮನಿಯಾರ್ಡರಿನಿಂದ ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿದಿದೆ. 1960ರ ದಶಕದ ಕೊನೆಗೆ ಶಿವಸೇನೆಯವರು ಆ ಉಡುಪಿ ಹೋಟೆಲುಗಳ ಮೇಲೆ ಮುಗಿಬಿದ್ದಾಗ ಹೇಳಿದ್ದೂ ಇದನ್ನೇ: ಹೊರಗಿನವರು ನಮ್ಮ ಅನ್ನ ಕಿತ್ತುಕೊಂಡರು. ಆಗ ಹೊರಗಿನವರು ನಾವು.

ಹೋಗಲಿ, ಈ 'ಲೂಟಿಕೋರ' ಊರಿಗೆ ಹೊರಟು ನಿಂತಾಗ ಸಂತೋಷದಿಂದ ಕಳಿಸಿಕೊಟ್ಟೆವೇ? 2020ರ ಮೇ ತಿಂಗಳು, ಲಾಕ್‌ಡೌನ್ ಕಾಲ. ಕೂಲಿಯಿಲ್ಲ, ಊಟವಿಲ್ಲ. ಮುಖ್ಯಮಂತ್ರಿಗಳು ಬಿಲ್ಡರುಗಳ ಜೊತೆ ಸಭೆ ನಡೆಸಿದ್ದೇ ತಡ, ಕಾರ್ಮಿಕರ ವಿಶೇಷ ರೈಲುಗಳು ಬೇಡವೆಂದು ಸರ್ಕಾರ ಪತ್ರ ಬರೆಯಿತು. ಇವರೆಲ್ಲ ಹೋದರೆ ಕಟ್ಟಡ ಕಟ್ಟುವವರು ಯಾರು? ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ರೈಲು ಬಿಟ್ಟರು.

ದುಡ್ಡೂ ಊರಿಗೆ ಹೋಗಬಾರದು, ಆಳೂ ಹೋಗಬಾರದು. ಇದು ಜೀತ. ಈ ದೇಶದಲ್ಲಿ ಅದನ್ನು ಕಾನೂನು ಮಾಡಿ ನಿಷೇಧಿಸಿದ್ದು 1976ರಲ್ಲಿ.